ನಮ್ಮನೆ ಹಿತ್ತಲಿನ ಹೊಳೆ ಕಡಲು ಸೇರೋ ಕಡೆ ಒಂದು ಮೀನೂಟ

ಮೊದಲು ಈ ಸದ್ದು ಕೇಳಿ. ಸಮುದ್ರ ಅಂದ್ಕೊಂಡ್ರಾ? ಅಲ್ಲ. ಇದು ನಮ್ಮನೆ ಹಿತ್ತಲಿನ ಹೊಳೆ, ಪಯಸ್ವಿನಿ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ರಸ್ತೆ ಪಕ್ಕದಲ್ಲೇ ನಿಮ್ಮ ಜೊತೆ ಇಳೀತಾ ಇರುತ್ತಲ್ಲ, ಅದೇ. ಈಗ ಮಾರ್ಚ್. ಕಾಫಿ ಕೊಯ್ಲು ಮುಗಿದು ಎಲ್ಲರೂ ಹೂಮಳೆಗೆ ಕಾಯ್ತಾ ಕೂತಿದೀವಿ. ನೀರು ಮೊಣಕಾಲಿಗೂ ಬರಲ್ಲ. ಜುಲೈಯಲ್ಲಿ ಇದೇ ಕಲ್ಲಿನ ಮೇಲೆ ನಿಂತು ಮಾತಾಡಿದ್ರೆ ನನ್ನ ದನಿ ನಂಗೇ ಕೇಳಲ್ಲ. ಅಸಲಿಗೆ ಜುಲೈಯಲ್ಲಿ ಈ ಕಲ್ಲೇ ಇರಲ್ಲ, ನೀರಿನ ಅಡಿಗೆ ಹೋಗಿರುತ್ತೆ.

ಚಿಕ್ಕೋಳಿದ್ದಾಗ ಅಜ್ಜನ ಹತ್ರ ಕೇಳಿದ್ದೆ, ಈ ನೀರು ಎಲ್ಲಿಗೆ ಹೋಗುತ್ತೆ ಅಂತ. ಅಜ್ಜ ಅಡಿಕೆ ಸುಲಿಯೋದು ನಿಲ್ಲಿಸದೇ, ‘ಕಾಸರಗೋಡಿಗೆ’ ಅಂದ್ರು. ಯಾರೋ ನೆಂಟರ ಮನೆಗೆ ಹೋಗುತ್ತೆ ಅನ್ನೋ ಹಾಗೆ. ನಮ್ಮ ಬೆಟ್ಟದ ನೆತ್ತಿಯ ಆ ಕಡೆ ಬಿದ್ದ ಮಳೆ ಕಾವೇರಿ ಆಗಿ, ಸುಮಾರು 800 ಕಿಲೋಮೀಟರ್ ಸುತ್ತಿ ಪೂಂಪುಹಾರ್ ಹತ್ರ ಬಂಗಾಳ ಕೊಲ್ಲಿ ಸೇರುತ್ತೆ. ಅದಕ್ಕೆ ತೀರ್ಥ, ಪೂಜೆ, ತುಲಾ ಸಂಕ್ರಮಣ, ಎಲ್ಲಾ ಉಂಟು. ಈ ಕಡೆ ಬಿದ್ದ ಮಳೆಗೆ ಅಷ್ಟೆಲ್ಲ ಮರ್ಯಾದೆ ಇಲ್ಲ. 105 ಕಿಲೋಮೀಟರ್ ಹರಿದು ಅರಬ್ಬಿ ಸಮುದ್ರಕ್ಕೆ ಬಿದ್ದು ಮುಗೀತು. ಕೆಳಗೆ ಹೋಗ್ತಾ ಹೆಸರೂ ಬದಲಾಗಿ ಚಂದ್ರಗಿರಿ ಆಗುತ್ತೆ, ಮದುವೆಯಾಗಿ ಹೋದವರ ಹಾಗೆ.

ಅದು ಎಲ್ಲಿ ಮುಗಿಯುತ್ತೋ ಅಲ್ಲಿ ಕೂತು ಒಂದು ಮೀನೂಟ ಮಾಡಬೇಕು. ಈ ವ್ಲಾಗ್ ಇಷ್ಟೇ.

ಕೊಡಗಿನವರಿಗೆ ಕಡಲ ಮೀನು ಅಂದ್ರೆ ಮೊದಲು ಒಂದು ಹಾರ್ನ್. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಕೊಂಡು ಮೀನಿನವರು ಘಾಟಿ ಹತ್ತಿ ಬರ್ತಾರೆ. ಆ ಪೋಂ ಪೋಂ ನಮ್ಮನೆ ಬೆಕ್ಕಿಗೆ ಎರಡು ತಿರುವು ದೂರದಿಂದಲೇ ಗೊತ್ತಾಗುತ್ತೆ, ಅಂಗಳದ ತುದಿಗೆ ಹೋಗಿ ಕೂತ್ಕೊಂಡು ಬಿಡುತ್ತೆ. ಅವ್ವ ಮಾತ್ರ ಪೆಟ್ಟಿಗೆ ತೆರೆದ ಕೂಡಲೇ ಕಿವಿರು ಎತ್ತಿ ನೋಡಿ, ‘ಇದು ನಿನ್ನೆದಲ್ಲ, ಮೊನ್ನೆದು’ ಅಂತಾರೆ. ಬೈದು, ಚೌಕಾಸಿ ಮಾಡಿ, ಕೊನೆಗೆ ತಗೊಳ್ತಾರೆ. ಇಷ್ಟು ವರ್ಷ ನಾನು ತಿಂದಿದ್ದೆಲ್ಲಾ ಆ ಮೊನ್ನೆಯ ಮೀನೇ.

ಜೊತೆಗೆ ಬಂದವರು ದೊಡ್ಡಪ್ಪನ ಮಗ, ಅಣ್ಣ. ಗಾಡಿನೂ ಅವರದ್ದೇ, ಕಾಫಿ ಚೀಲ ಹೊರೋ ಪಿಕಪ್. ಹೊರಡುವಾಗ ಅವ್ವ ಪೇಪರಲ್ಲಿ ಸುತ್ತಿದ ಒಂದು ಬಾಟಲಿ ಕೊಟ್ರು, ಅಡುಗೆಗೆ ಹಾಕೋ ನಮ್ಮ ಕಪ್ಪು ಹುಳಿ ರಸ. ಕಾಚಂಪುಳಿ. ಯಾರಿಗೆ ಅಂದ್ರೆ, ‘ಯಾರಿಗಾದ್ರೂ ಕೊಡು, ಬರಿಗೈಲಿ ಹೋಗ್ಬೇಡ.’ ಕಾಸರಗೋಡಲ್ಲಿ ನಮಗೆ ಒಂದು ನರಪಿಳ್ಳೆಯ ಪರಿಚಯ ಇಲ್ಲ. ಆದ್ರೂ ತಗೊಂಡೆ.

ದಾರಿದು ಒಂದು ತಮಾಷೆ ಹೇಳಿಬಿಡ್ತೀನಿ. ಸಂಪಾಜೆ ದಾಟಿದ್ರೆ ಕೊಡಗು ಮುಗೀತು. ಕಲ್ಲುಗುಂಡಿ, ಅರಂತೋಡು ದಕ್ಷಿಣ ಕನ್ನಡ. ಆಮೇಲೆ ಪೆರಾಜೆ ಬರುತ್ತೆ, ನೋಡಿದ್ರೆ ಮತ್ತೆ ಕೊಡಗು! ಅದಾಗಿ ಸುಳ್ಯ, ಮತ್ತೆ ದಕ್ಷಿಣ ಕನ್ನಡ. ಜಿಲ್ಲೆಗೇ ಬಿಟ್ಟು ಹೋಗೋ ಮನಸ್ಸಿಲ್ಲದ ಹಾಗೆ. ಹಿಂದೆ ಈ ಅಮರ ಸುಳ್ಯ ಸೀಮೆಯೆಲ್ಲ ಕೊಡಗಿನ ರಾಜರ ಕೈಲೇ ಇತ್ತು. 1834ರಲ್ಲಿ ಬ್ರಿಟಿಷರು ಕೊಡಗು ತಗೊಂಡ ಮೇಲೆ ಇದನ್ನ ಕಿತ್ತು ಕೆನರಾಕ್ಕೆ ಸೇರಿಸಿದ್ರು. 1837ರಲ್ಲಿ ಇಲ್ಲಿನ ರೈತರು ದಂಗೆ ಎದ್ದು ಮಂಗಳೂರಿನವರೆಗೆ ಹೋದ್ರು. ಅದಕ್ಕೆ ಬೇರೆ ವಿಡಿಯೋನೇ ಬೇಕು.

ಅರಂತೋಡಲ್ಲಿ ಒಳಗೆ ತಿರುಗಿ ತೊಡಿಕಾನಕ್ಕೆ ಹೋದ್ವಿ. ಮಲ್ಲಿಕಾರ್ಜುನ ದೇವಸ್ಥಾನದ ಹತ್ರ ಹೊಳೆಯಲ್ಲಿ ಮೀನು, ನೋಡಿ, ಹಿಂಡು ಹಿಂಡು. ಕಾಲು ತೊಳೆಯೋಕೆ ಇಳಿದ್ರೆ ಓಡೋದಿಲ್ಲ, ಹತ್ರ ಬರ್ತವೆ. ಇದು ದೇವರ ಮೀನು, ಯಾರೂ ಹಿಡಿಯೋದಿಲ್ಲ. ಅಕ್ಕಿ ಹಾಕಿದ್ರೆ ಬಾಯಿ ಮಾತ್ರ ಮೇಲೆ ತಂದು ಪಚ್ ಪಚ್ ಅಂತ ನುಂಗ್ತವೆ. ಅಣ್ಣ ಕೈ ಮುಗಿದು, ನನ್ನ ಕಿವಿ ಹತ್ರ ಬಗ್ಗಿ, ‘ನಾಳೆ ಇವರ ನೆಂಟರನ್ನ ತಿನ್ನೋಕೆ ಹೋಗ್ತಾ ಇದೀವಿ, ಇಲ್ಲಿ ಬಾಯಿ ಬಿಡ್ಬೇಡ’ ಅಂದ್ರು.

ಜಾಲ್ಸೂರಲ್ಲಿ ಎಡಕ್ಕೆ ತಿರುಗಿದ್ರೆ ಕೇರಳ. ಮುಳ್ಳೇರಿಯ, ಬೋವಿಕ್ಕಾನ, ಚೆರ್ಕಳ. ಗಡಿ ದಾಟಿದ್ದು ಗೊತ್ತಾಗೋದು ಬಸ್ಸಿನ ಬಣ್ಣದಿಂದ ಮಾತ್ರ. ಅಂಗಡಿ ಬೋರ್ಡಲ್ಲಿ ಕನ್ನಡ, ಅಂಗಡಿಯವರ ಬಾಯಲ್ಲಿ ಕನ್ನಡ, ಅದೇ ಅಡಿಕೆ ತೋಟ, ಅದೇ ಮುರಕಲ್ಲು.

ಮಧ್ಯಾಹ್ನದ ಊಟದ ಕಥೆ ಬೇಗ ಹೇಳಿ ಮುಗಿಸ್ತೀನಿ, ನೆನೆಸಿದ್ರೆ ಹೊಟ್ಟೆ ಉರಿಯುತ್ತೆ. ಹೈವೇ ಪಕ್ಕ ದೊಡ್ಡ ಬೋರ್ಡ್, ‘ತಾಜಾ ಮೀನು’. ಆವೋಲಿ ಅಂದ್ರು, ಅಂದ್ರೆ ನಮ್ಮ ಮಾಂಜಿ, ಪಾಂಫ್ರೆಟ್. ರೇಟು ಕೇಳಿದ್ರೆ, ‘ಸೈಜ್ ನೋಡಿ ಹಾಕ್ತೇವೆ.’ ಕೇಳಿದ ತಕ್ಷಣ ಎದ್ದು ಬರಬೇಕಿತ್ತು. ಬರಲಿಲ್ಲ. ಮೇಲೆ ಕೆಂಪು ಮಸಾಲೆ ಗೋಡೆಗೆ ಬಳಿದ ಹಾಗೆ, ಒಳಗೆ ಮೀನು ಹತ್ತಿ. ಎರಡು ಊಟ, ಒಂದು ಮೀನು, 940 ರೂಪಾಯಿ. ಸಮುದ್ರದಿಂದ ಹತ್ತು ನಿಮಿಷದ ದೂರದಲ್ಲಿ ಕೂತು ನಮ್ಮ ಮೊನ್ನೆಯ ಮೀನಿಗಿಂತ ಹಳೇದು ತಿಂದ್ವಿ. ಹೋಟೆಲ್ ಹೆಸರು ಹೇಳಲ್ಲ. ರೇಟು ಹೇಳದ ಕಡೆ ಕೂರಬೇಡಿ, ಅಷ್ಟೇ.

ಸಂಜೆ ಚಂದ್ರಗಿರಿ ಕೋಟೆ. ಹೊಳೆಯ ದಕ್ಷಿಣ ದಡದ ಗುಡ್ಡದ ಮೇಲೆ, 17ನೇ ಶತಮಾನದ್ದು, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತಾರೆ. ಬೇಕಲ ಕೋಟೆಗೆ ಹೋಗೋ ಜನದಲ್ಲಿ ಕಾಲು ಭಾಗನೂ ಇಲ್ಲಿಗೆ ಬರಲ್ಲ, ಅದೇ ಒಳ್ಳೇದು. ಇಲ್ಲಿಂದ ನೋಡಿ. ಆ ಅಗಲವಾದ ನೀರು, ಅದರ ಮೇಲೆ ರೈಲು ಸೇತುವೆ, ಆಚೆ ತೆಂಗು, ತೆಂಗಿನ ಆಚೆ ಬೆಳ್ಳಗೆ ಗೆರೆ. ಇದು ನಮ್ಮನೆ ಹಿತ್ತಲಿನ ಹೊಳೆ ಅಂದ್ರೆ ನನಗೇ ನಂಬಿಕೆ ಬರಲಿಲ್ಲ. ಇಲ್ಲಿ ಅದಕ್ಕೆ ಸದ್ದೇ ಇಲ್ಲ. ಇದೇ ಹೊಳೆಯನ್ನ ಗಡಿ ಮಾಡಿ ಉತ್ತರ ದಡದ್ದು ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಮಹಾಜನ ಆಯೋಗ ಬರೆದಿತ್ತು. ಬರೆದಿದ್ದು ಬರೆದ ಹಾಗೇ ಇದೆ. ಸೂರ್ಯ ಮುಳುಗೋ ಶಾಟ್ ತೆಗೆಯುವಾಗ ನನ್ನ ಬ್ಯಾಟರಿ ಮುಗೀತು, ಅದಕ್ಕೇ ಈ ಅರ್ಧ ಸೂರ್ಯ.

ಬೆಳಿಗ್ಗೆ ಆರು ಗಂಟೆ. ಅಳಿವೆ. ಹೊಳೆ ಕಡಲು ಸೇರೋ ಜಾಗಕ್ಕೆ ಕರಾವಳಿ ಕಡೆ ಹೀಗೇ ಅಂತಾರೆ. ಕಲ್ಲು ಪೇರಿಸಿದ ತಡೆಗೋಡೆಯ ಮೇಲೆ ನಿಂತಿದೀನಿ. ಎಡಗಡೆ ಹೊಳೆ ನೀರು ಕಂದು ಹಸಿರು, ಬಲಗಡೆ ಕಡಲು ಬೂದು, ನಡುವೆ ಒಂದು ಸಾಲು ನೊರೆ. ಕೈ ಅದ್ದಿ ನಾಲಿಗೆಗೆ ಇಟ್ಟು ನೋಡಿದೆ. ಉಪ್ಪು. ಹೊಳೆ ಕಡೆಗೂ ಉಪ್ಪೇ, ಉಬ್ಬರದ ಹೊತ್ತು.

ಬೋಟುಗಳು ಬಂದ್ವು. ಇಲ್ಲಿಂದ ಹಿನ್ನೆಲೆ ಸಂಗೀತ ತೆಗೆದಿದೀನಿ, ಬೇಕಾಗೇ ಇಲ್ಲ. ಏಲಂ ಕೂಗೋ ದನಿ, ಐಸ್ ಗಡ್ಡೆಗೆ ಕೊಡತಿಯಲ್ಲಿ ಹೊಡೆಯೋ ಸದ್ದು, ಕಾಗೆ, ಹದ್ದು, ಮಲಯಾಳ, ಕನ್ನಡ, ತುಳು, ಬ್ಯಾರಿ ಎಲ್ಲಾ ಒಂದೇ ಬುಟ್ಟಿಯಲ್ಲಿ. ಬುಟ್ಟಿ ನೆಲಕ್ಕೆ ಸುರಿದ ಕೂಡಲೇ ಸುತ್ತ ಜನ. ಏಲಂ ಕೂಗೋರು ಮುಖ ನೋಡಲ್ಲ, ಕೈಬೆರಳು ನೋಡ್ತಾರೆ. ಒಂದು ರಾಶಿ ಹೋಗೋಕೆ ಅರ್ಧ ನಿಮಿಷ ಸಾಕು. ನಾನು ಮೂಗಿನ ಮೇಲೆ ಬಂದ ಕೂದಲು ಸರಿಸೋಕೆ ಕೈ ಎತ್ತಿದೆ. ಅಣ್ಣ ಹಿಡಿದು ಕೆಳಗಿಳಿಸಿದ್ರು: ‘ಒಂದು ಬುಟ್ಟಿ ಮತ್ತಿ ಮನೆಗೆ ತಗೊಂಡು ಹೋಗ್ತೀಯಾ?’

ಮತ್ತಿ ಅಂದ್ರೆ ಬೂತಾಯಿ, ಸಾರ್ಡಿನ್. ಈ ಹತ್ತಿರದ ಶಾಟ್ ನೋಡಿ. ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ, ಕಣ್ಣು ಈಗಷ್ಟೇ ಒರೆಸಿಟ್ಟ ಗಾಜು. ಕಿವಿರು ಎತ್ತಿದೆ, ಅವ್ವನ ಹಾಗೆ. ಕೆಂಪು ಅಂದ್ರೆ ದಾಸವಾಳದ ಕೆಂಪು. ನಮ್ಮನೆ ಅಂಗಳಕ್ಕೆ ಬರುವಾಗ ಅದು ಇಟ್ಟಿಗೆ ಬಣ್ಣ ಆಗಿರುತ್ತೆ. ಮೂಸಿದ್ರೆ ಮೀನಿನ ವಾಸನೆನೇ ಇಲ್ಲ! ಬರೀ ಉಪ್ಪು ನೀರು. ನಾವು ಘಾಟಿಯ ಮೇಲೆ ಮೀನಿನ ವಾಸನೆ ಅಂತ ಕರೆಯೋದು ದಾರಿಯ ವಾಸನೆ ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ಬಲೆ ಹೊಲಿತಾ ಕೂತಿದ್ದ ಒಬ್ಬ ಅಜ್ಜ ಮಾತಿಗೆ ಸಿಕ್ಕಿದ್ರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಕೈಯಲ್ಲಿ ಪ್ಲಾಸ್ಟಿಕ್ಕಿನ ಸೂಜಿ, ಕಣ್ಣು ಕಡಲಿನ ಕಡೆ. ಮತ್ತಿಯನ್ನ ನಂಬಬಾರದು ಅಂತಾರೆ. ಅದು ನಿಜ, ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ರ ಹತ್ರ ಸಿಕ್ಕಿದ ಮೀನು 2021ರಲ್ಲಿ 3,300 ಟನ್ ಆಸುಪಾಸಿಗೆ ಇಳಿದಿತ್ತು. ನಮ್ಮ ಅವ್ವ ಆ ವರ್ಷ ರೇಟು ಕೇಳಿ ಮೀನಿನವರಿಗೆ ಬೈದಿದ್ದು ಈಗ ಪಾಪ ಅನ್ನಿಸ್ತು. ಈಗ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿ ಹಿಡಿಯೋ ಹಾಗಿಲ್ಲ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಇಲ್ಲಿ ಬಲೆ ಎಳ್ಕೊಂಡು ಹೋಗೋ ಟ್ರಾಲ್ ಬೋಟು ಬಂದ್, 52 ದಿನ. ಕರ್ನಾಟಕದಲ್ಲಿ ಜೂನ್ 1ಕ್ಕೇ ಶುರು, 61 ದಿನ. ಮಳೆಗಾಲ ಪೂರ್ತಿ ನಾವು ಒಣಮೀನು ಕೆಂಡದಲ್ಲಿ ಸುಟ್ಟು ಗಂಜಿಗೆ ನೆಂಜಿಕೊಳ್ಳೋದು ಇದಕ್ಕೇ.

ಎಲ್ಲಿಂದ ಬಂದ್ರಿ ಅಂತ ಕೇಳಿದ್ರು. ಸಂಪಾಜೆ ಘಾಟಿ, ಈ ಹೊಳೆ ಹುಟ್ಟೋ ಕಡೆಯಿಂದ ಅಂದೆ. ಸೂಜಿ ನಿಂತಿತು. 2018ರ ಆಗಸ್ಟಲ್ಲಿ ಜೋಡುಪಾಲದ ಗುಡ್ಡ ಕುಸಿದಾಗ ನಮ್ಮ ಮೇಲಿನ ತೋಟ ಅರ್ಧ ಇದೇ ಹೊಳೆಗೆ ಇಳಿದು ಹೋಗಿತ್ತು. ಮಣ್ಣು, ಕಾಫಿ, ಬೇಲಿ ಸಾಲಿನ ಸಿಲ್ವರ್ ಮರ, ಎಲ್ಲಾ. ಅದು ಎಲ್ಲಿಗೆ ಹೋಯ್ತು ಅಂತ ನಾವು ಯಾರೂ ಕೇಳಿರಲಿಲ್ಲ, ಮನೆ ಉಳಿದಿದ್ದೇ ಹೆಚ್ಚಾಗಿತ್ತು. ಅಜ್ಜ ಅಂದ್ರು, ‘ಆ ವರ್ಷ ಕಡಲು ಕೆಂಪು. ಮರ ಬಂತು, ತುಂಬಾ ಬಂತು. ನಮ್ಮ ಮನೆ ಒಲೆಗೆ ಎರಡು ತಿಂಗಳು ಆಯ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮದಾ?’ ಅಂದ್ರು. ನಾನು ನಕ್ಕೆ, ಅವರೂ ನಕ್ರು. ಕ್ಯಾಮೆರಾ ಆಫ್ ಮಾಡಿದ್ದೆ, ಅದಕ್ಕೇ ಇಲ್ಲಿ ಬರೀ ಬಲೆ ಕಾಣಿಸ್ತಾ ಇದೆ.

ಊಟಕ್ಕೆ ಕಳಿಸಿದ್ದೂ ಅವರೇ. ತಗಡಿನ ಮಾಡು, ನಾಲ್ಕು ಮೇಜು, ಬೋರ್ಡೇ ಇಲ್ಲ. ಅಡುಗೆ, ಬಡಿಸೋದು, ಲೆಕ್ಕ, ಎಲ್ಲಾ ಒಬ್ಬರೇ ಚೇಚಿ, ಅಂದ್ರೆ ಅಕ್ಕ. ಕೂತ ಕೂಡಲೇ ಉಗುರುಬೆಚ್ಚಗಿನ ಗುಲಾಬಿ ಬಣ್ಣದ ನೀರು. ಪದಿಮುಗಂ ಚಕ್ಕೆ ಹಾಕಿ ಕುದಿಸಿದ್ದು. ಆಮೇಲೆ ದಪ್ಪ ಕುಚ್ಚಲಕ್ಕಿ ಅನ್ನ, ಒಂದೊಂದು ಅಗಳೂ ಬೇರೆ ಬೇರೆ. ಅದರ ಮೇಲೆ ಮತ್ತಿ ಸಾರು. ತೆಂಗಿನಕಾಯಿ ನುಣ್ಣಗೆ ಅರೆದು, ಮಾವಿನಕಾಯಿ ಸೀಳಿ ಹಾಕಿದ್ರು. ಮಾವಿನಕಾಯಿ ಅರ್ಧ ಕರಗಿ, ಅರ್ಧ ಹಲ್ಲಿಗೆ ಸಿಗೋ ಹದ. ಮೀನು ಮುಟ್ಟಿದ್ರೆ ಮುಳ್ಳಿಂದ ಜಾರಿ ಬರುತ್ತೆ. ಬಂಗುಡೆ ಹುರಿದಿದ್ದು ತೆಂಗಿನೆಣ್ಣೆಯಲ್ಲಿ, ಮಸಾಲೆ ಅಂದ್ರೆ ಮೆಣಸು, ಅರಿಶಿನ, ಉಪ್ಪು, ಕರಿಬೇವು, ಅಷ್ಟೇ. ಅಣ್ಣ ಮೂರನೇ ಸಲ ಅನ್ನ ಹಾಕಿಸ್ಕೊಂಡ್ರು. ನಾನು ಎಷ್ಟು ಸಲ ಅಂತ ಹೇಳಲ್ಲ.

ಆಗ ನೆನಪಾಯ್ತು ಬಾಟಲಿ. ಚೇಚಿಗೆ ಕೊಟ್ಟೆ. ಮುಚ್ಚಳ ತೆಗೆದು ಮೂಸಿದ್ರು, ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದ್ರು, ಕಣ್ಣು ಕಿರಿದು ಮಾಡಿದ್ರು. ‘ಮೋಳೆ (ಮಗಳೇ), ಇದು ಕುಡಂಪುಳಿ ಅಲ್ವಾ?’ ಹೌದು, ಹಣ್ಣು ಒಂದೇ. ತೆಂಕಣ ಕೇರಳದವರು ಸಿಪ್ಪೆ ಒಣಗಿಸಿ ಹೊಗೆಗೆ ಹಿಡಿದು ಕಪ್ಪು ಮಾಡ್ತಾರೆ, ನಾವು ರಸ ಇಳಿಸಿ ಕುದಿಸಿ ಕುದಿಸಿ ಕಪ್ಪು ಮಾಡ್ತೀವಿ. ನಾವು ಇದನ್ನ ಹಂದಿಗೆ ಹಾಕ್ತೀವಿ ಅಂತ ಬಾಯಿಗೆ ಬಂದಿದ್ದನ್ನ ನುಂಗಿ, ಮೀನಿಗೂ ಹಾಕ್ತೀವಿ ಅಂದೆ. ಅದೂ ಸುಳ್ಳಲ್ಲ. ‘ಹಾಗಾದ್ರೆ ನೋಡುವ’ ಅಂತ ಮಣ್ಣಿನ ಚಟ್ಟಿ ಒಲೆ ಮೇಲಿಟ್ಟೇ ಬಿಟ್ರು. ನಾಲ್ಕು ಬಂಗುಡೆ, ಕಾಳುಮೆಣಸು, ಬೆಳ್ಳುಳ್ಳಿ, ಕೊನೆಗೆ ಕಾಚಂಪುಳಿ. ನಾನು ಒಂದು ಚಮಚ ಅಂದೆ, ಅವರು ಮೂರು ಹಾಕಿದ್ರು. ಹುಳಿ ಜಾಸ್ತಿ ಆಯ್ತು, ಸುಳ್ಳು ಹೇಳಲ್ಲ, ಹಲ್ಲು ಜುಮ್ಮಂತು. ಆದ್ರೆ ನಮ್ಮನೆ ಸಾರಿನ ಬಣ್ಣ, ನಮ್ಮನೆ ಸಾರಿನ ಘಮ, ಒಳಗೆ ಇವತ್ತಿನ ಮೀನು. ಅಣ್ಣ ಬಾಯಿ ಚಪ್ಪರಿಸಿ, ‘ಇಷ್ಟು ವರ್ಷ ಹುಳಿ ಸರಿ ಇತ್ತು, ಮೀನು ಸರಿ ಇರಲಿಲ್ಲ’ ಅಂದ್ರು.

ದುಡ್ಡು ಕೊಡುವಾಗ ಆ ಚಟ್ಟಿಯ ಮೀನಿಗೆ ಲೆಕ್ಕ ಹಾಕಲೇ ಇಲ್ಲ. ಇಬ್ಬರಿಗೂ ಸೇರಿ 320. ಬಾಟಲಿ ವಾಪಸ್ ಬಂತು, ಖಾಲಿ ಕೊಡಬಾರದಲ್ಲ, ತುಂಬಾ ತೆಂಗಿನೆಣ್ಣೆ ಹಾಕಿ ಕೊಟ್ಟಿದ್ರು.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಮೂರು ಕೆ.ಜಿ. ಮತ್ತಿ ತಗೊಂಡು ಹೊರಟ್ವಿ. 80 ಕಿಲೋಮೀಟರ್ ಆಸುಪಾಸು. ಸಂಜೆ ಮನೆ ಗೇಟಿನ ಹತ್ರ ಅಣ್ಣ ಬೇಕಂತಲೇ ಪೋಂ ಪೋಂ ಅಂತ ಹಾರ್ನ್ ಹೊಡೆದ್ರು. ಇದೋ, ಬೆಕ್ಕು. ಅವ್ವ ಬಂದು ಮೊದಲು ಕಿವಿರು ಎತ್ತಿ ನೋಡಿದ್ರು, ಏನೂ ಹೇಳಲಿಲ್ಲ. ಆಮೇಲೆ ಬಾಟಲಿ ತೆಗೆದು ಮೂಸಿದ್ರು. ಎಣ್ಣೆಗೆ ಕಾಚಂಪುಳಿಯ ವಾಸನೆ ಹತ್ತಿದೆ, ಬಾಟಲಿ ತೊಳೀದೇ ಹಾಕಿದಾರೆ, ಇದನ್ನ ಇನ್ನು ತಲೆಗೂ ಹಚ್ಚೋ ಹಾಗಿಲ್ಲ ಅಂತ ಒಂದು ಸುತ್ತು ಗೊಣಗಿದ್ರು. ಅದೇ ಎಣ್ಣೆಯಲ್ಲಿ ಮತ್ತಿ ಹುರಿಯೋಕೆ ಶುರು ಮಾಡಿ, ಒಲೆ ಮುಂದಿಂದಲೇ ಕೂಗಿದ್ರು: ‘ಮುಂದಿನ ಸಲ ಹೋಗುವಾಗ ದೊಡ್ಡ ಬಾಟಲಿ ತಗೊಂಡು ಹೋಗು.’