ಇಳಿಜಾರಿಗೂ ಅಭ್ಯಾಸ ಬೇಕು: ಕೊಡಗಿನ ಹವ್ಯಾಸಿ ಓಟಗಾರರಿಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಓಟದ ಬಗ್ಗೆ ಮಾತಾಡುವುದೇ ಸ್ವಲ್ಪ ಮುಜುಗರದ ಕೆಲಸ. ಅಶ್ವಿನಿ ನಾಚಪ್ಪನವರನ್ನು ಕೊಟ್ಟ ಜಿಲ್ಲೆ ಇದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಮೈದಾನಕ್ಕಿಳಿಯುವ ಊರು. ಹಾಗಾಗಿ ಓಡುವುದು ಹೇಗೆ ಎಂದು ನಿಮಗೆ ಹೇಳಿಕೊಡಲು ಹೋಗುವುದಿಲ್ಲ. ಹಾಕಿ ಮೈದಾನದಲ್ಲಿ ಓಡುವ ಕಾಲು ಹಾಫ್ ಮ್ಯಾರಥಾನ್‌ನ 21 ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಯಾಕೆ ಕೈಕೊಡುತ್ತದೆ ಎಂಬುದನ್ನಷ್ಟೇ ನೋಡೋಣ.

ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ನಮ್ಮ ಕಡೆ ಬರೀ ಏರು, ಹತ್ತೋದು ಹೇಗೆ?" ಏರಿನ ಬಗ್ಗೆ ಅಷ್ಟು ಚಿಂತೆ ಬೇಡ. ಏರಿನಲ್ಲಿ ಉಸಿರೇ ಮೇಸ್ತ್ರಿ. ಜಾಸ್ತಿ ಮಾಡಿದರೆ ಅಲ್ಲೇ ಗದರಿಸಿ ನಿಲ್ಲಿಸುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಕಣ್ಣು ಹತ್ತು ಹದಿನೈದು ಅಡಿ ಮುಂದಿರಲಿ, ಗಡಿಯಾರ ನೋಡಬೇಡಿ, ಉಸಿರು ಕಟ್ಟಿದರೆ ನಡೆಯಿರಿ. ಏರಿನ ಪಾಠ ಇಷ್ಟೇ. ಇಳಿಜಾರಿನಲ್ಲಿ ಹೀಗೆ ಎಚ್ಚರಿಸುವವರು ಯಾರೂ ಇಲ್ಲ. ಉಸಿರು ಹಗುರ, ಗಾಳಿ ತಂಪು, ಪಕ್ಕದವನೂ ಜೋರಾಗಿ ಹೋಗುತ್ತಿದ್ದಾನೆ. ಲೆಕ್ಕ ಚುಕ್ತಾ ಆಗುವುದು ಹತ್ತು ಹನ್ನೆರಡು ಕಿಲೋಮೀಟರ್ ಆದಮೇಲೆ.

ಕಾಫಿ ಮೂಟೆ ಹೊತ್ತು ಲಾರಿಯ ಹಲಗೆ ಹತ್ತಿದವರಿಗೆ ಇದು ಗೊತ್ತಿರುತ್ತದೆ. ಹತ್ತುವಾಗ ಏದುಸಿರು ಬರುತ್ತದೆ. ಅದೇ ಮೂಟೆ ಹೊತ್ತು ಇಳಿಯಬೇಕಾದಾಗ ಉಸಿರು ಸರಿ ಇದ್ದರೂ ಮೊಣಕಾಲು ನಡುಗುತ್ತದೆ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅಂದರೆ ಬ್ರೇಕ್ ಹಿಡಿಯಬೇಕು. ಹಿಗ್ಗುತ್ತಾ ಭಾರ ತಡೆದ ಸ್ನಾಯುವಿನ ಎಳೆಗಳಲ್ಲಿ ಅತಿ ಸಣ್ಣ ಹರಿದ ಗಾಯಗಳಾಗುತ್ತವೆ. ಶಕ್ತಿ ಆಗಲೇ ತಗ್ಗತೊಡಗುತ್ತದೆ. ನೋವು ಮಾತ್ರ ತಡವಾಗಿ, ಮರುದಿನ ಶುರುವಾಗಿ ಸುಮಾರು 48 ಗಂಟೆಗೆ ತಾರಕಕ್ಕೇರುತ್ತದೆ.

ಜಗತ್ತಿನ ಹಳೆಯ ವಾರ್ಷಿಕ ಮ್ಯಾರಥಾನ್, 1897ರಿಂದ ನಡೆಯುತ್ತಿರುವ ಬಾಸ್ಟನ್ ಓಟ, ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸುಮಾರು 32ನೇ ಕಿಲೋಮೀಟರ್ ದಾಟಿದ ಮೇಲೆ 'ಹಾರ್ಟ್‌ಬ್ರೇಕ್ ಹಿಲ್' ಎಂಬ ಏರು ಸಿಗುತ್ತದೆ. ಹೆಸರು ದೊಡ್ಡದು, ನಮ್ಮ ಲೆಕ್ಕದಲ್ಲಿ ಅದು ಏರೇ ಅಲ್ಲ. ನಮ್ಮ ತೋಟದ ಗೇಟಿನಿಂದ ಮನೆಗೆ ಹೋಗುವ ದಾರಿ ಅದಕ್ಕಿಂತ ಕಡಿದಾಗಿರುತ್ತದೆ. ಆದರೂ ಅಲ್ಲಿ ಜನ ಕುಸಿಯುತ್ತಾರೆ. ಓಟದ ಮೊದಲ ಭಾಗ ಬಹುಪಾಲು ಇಳಿಜಾರು, ತೊಡೆ ಅಲ್ಲೇ ಖರ್ಚಾಗಿರುತ್ತದೆ. ಬೈಗುಳ ತಿನ್ನುವುದು ಮಾತ್ರ ಆ ಬಡಪಾಯಿ ಗುಡ್ಡ.

ಅದೇ ಬಾಸ್ಟನ್‌ನ ಇನ್ನೊಂದು ಸಂಗತಿ. 2011ರಲ್ಲಿ ಕೀನ್ಯಾದ ಜೆಫ್ರಿ ಮುತಾಯ್ ಅಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರು. ಅಲ್ಲಿಯವರೆಗೆ ಅಷ್ಟು ಬೇಗ ಯಾರೂ ಮ್ಯಾರಥಾನ್ ಮುಗಿಸಿರಲಿಲ್ಲ. ಆದರೂ ವಿಶ್ವದಾಖಲೆ ಎಂದು ಮಾನ್ಯವಾಗಲಿಲ್ಲ. ದಾಖಲೆಗೆ ಒಟ್ಟು ಇಳಿತ ಕಿಲೋಮೀಟರಿಗೆ 1 ಮೀಟರ್ ಮೀರಬಾರದು, ಅಂದರೆ ಪೂರ್ತಿ ಮ್ಯಾರಥಾನ್‌ಗೆ 42 ಮೀಟರ್. ಬಾಸ್ಟನ್ ಸುಮಾರು 140 ಮೀಟರ್ ಇಳಿಯುತ್ತದೆ. ಮಡಿಕೇರಿಯಿಂದ ಸುಂಟಿಕೊಪ್ಪದ ಮೇಲೆ ಕುಶಾಲನಗರಕ್ಕೆ ಓಡಿದರೆ ಸುಮಾರು 30 ಕಿಲೋಮೀಟರಿಗೇ 300 ಮೀಟರಿನಷ್ಟು ಕೆಳಗಿಳಿದಿರುತ್ತೇವೆ. ಅಲ್ಲಿ ಬಂದ ಸಮಯ ಹಿಡಿದುಕೊಂಡು ಮೈಸೂರಿನ ಸಮತಟ್ಟು ರಸ್ತೆಯಲ್ಲೂ ಅದೇ ಬರುತ್ತದೆ ಎಂದು ನಂಬಬೇಡಿ.

ಈಗ ಅಭ್ಯಾಸಕ್ಕೆ ಬರೋಣ. ಸಮಾಧಾನದ ವಿಷಯ ಏನೆಂದರೆ, ಇಳಿಜಾರಿನ ಪೆಟ್ಟು ಒಮ್ಮೆ ಹದವಾಗಿ ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಲಸಿಕೆ ಹಾಕಿಸಿದ ಹಾಗೆ ಅಂದುಕೊಳ್ಳಿ. ಓಟಕ್ಕೆ ಎಂಟು ವಾರ ಇರುವಾಗ ಶುರುಮಾಡಿ. 2 ಕಿಲೋಮೀಟರಿಗೆ 100 ಮೀಟರ್ ಇಳಿಯುವ ರಸ್ತೆ, ಅಂದರೆ ಶೇಕಡಾ 5ರ ಇಳಿಜಾರು ಸಾಕು. ಎರಡು ಕಿಲೋಮೀಟರ್ ನಿಧಾನ ಓಡಿ ಮೈ ಬಿಸಿ ಮಾಡಿಕೊಂಡು, 400 ಮೀಟರ್ ಇಳಿಯಿರಿ, ವಾಪಸ್ ನಡೆದು ಹತ್ತಿ. ಮೊದಲ ಸಲ ನಾಲ್ಕೇ ಸಲ. ಹತ್ತು ದಿನ ಬಿಟ್ಟು ಆರು, ಆಮೇಲೆ ಎಂಟು. ಕೊನೆಯ ಇಳಿಜಾರು ಓಟಕ್ಕೂ ಸ್ಪರ್ಧೆಗೂ ನಡುವೆ ಕನಿಷ್ಠ 10ರಿಂದ 14 ದಿನ ಬಿಡುವು ಇರಲಿ. ಶಿಬಿರ ಮಾಡಿ ಒಂದೇ ದಿನ ಸಂಪಾಜೆ ಘಾಟಿ ಇಳಿಸುವವರಿದ್ದಾರೆ. ಅದು ತರಬೇತಿಯಲ್ಲ, ಶಿಕ್ಷೆ.

ಇಳಿಯುವಾಗ ಕಾಲು ಹೇಗೆ ಬೀಳಬೇಕು ಎಂಬುದು ನಿಧಾನಕ್ಕೆ ನೋಡಬೇಕಾದ ವಿಷಯ. ಹೆದರಿದ ದೇಹ ಹಿಂದಕ್ಕೆ ವಾಲುತ್ತದೆ. ಆಗ ಕಾಲು ದೇಹಕ್ಕಿಂತ ಬಹಳ ಮುಂದೆ, ಮೊಣಕಾಲು ನೆಟ್ಟಗೆ, ಹಿಮ್ಮಡಿ ಮೊದಲು ಬೀಳುತ್ತದೆ. 'ಟಪ್ ಟಪ್' ಎಂದು ಡಾಂಬರಿನ ಮೇಲೆ ಸದ್ದು ಕೇಳಿದರೆ ಅದು ಬ್ರೇಕಿನ ಸದ್ದು. ಸರಿಯಾದ ಹೆಜ್ಜೆ ಗಿಡ್ಡ, ಬೇಗ, ಸದ್ದಿಲ್ಲದ್ದು. ಪಾದ ಸೊಂಟದ ನೇರ ಕೆಳಗೆ, ಇಲ್ಲವೇ ಅದರ ಹತ್ತಿರಹತ್ತಿರ ಬೀಳಬೇಕು, ಬೀಳುವ ಹೊತ್ತಿಗೆ ಮೊಣಕಾಲು ಸ್ವಲ್ಪ ಮಡಿಚಿರಬೇಕು, ಎದೆ ಕಾಲಿನ ಮೇಲೇ ಇರಬೇಕು. ಕೈ ಸ್ವಲ್ಪ ಅಗಲವಾದರೂ ಪರವಾಗಿಲ್ಲ, ಸಮತೋಲನಕ್ಕೆ ಬೇಕಾಗುತ್ತದೆ. ಪರೀಕ್ಷೆ ಸುಲಭ: 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತು ಎಣಿಸಿ ನಾಲ್ಕರಿಂದ ಗುಣಿಸಿ. 43 ಬಂದರೆ ನಿಮಿಷಕ್ಕೆ 172 ಹೆಜ್ಜೆ, ಚೆನ್ನಾಗಿದೆ. 37–38 ಬಂದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ.

ಶೂ ಬಗ್ಗೆ ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ಇಳಿಜಾರಿಗೆ ಬೇಕಾದ್ದು ಎರಡೇ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ, ಮತ್ತು ಲೇಸು. ಕಾಲು ಮುಂದೆ ಜಾರಿ ಉಗುರು ಶೂಗೆ ಬಡಿದೂ ಬಡಿದೂ ಕಪ್ಪಾಗುತ್ತದೆ. ಬಹುಪಾಲು ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ಹೆಚ್ಚುವರಿ ತೂತು ಇರುತ್ತದೆ. ಅದು ಅಲಂಕಾರಕ್ಕಲ್ಲ. ಲೇಸನ್ನು ಅಡ್ಡ ದಾಟಿಸದೆ ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಎರಡೂ ಬದಿಯಲ್ಲಿ ಚಿಕ್ಕ ಕುಣಿಕೆ ಉಳಿಸಿ. ಎಡದ ತುದಿಯನ್ನು ಬಲದ ಕುಣಿಕೆಗೆ, ಬಲದ್ದನ್ನು ಎಡದ ಕುಣಿಕೆಗೆ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲೇ ಕೂರುತ್ತದೆ. ಉಗುರು ಎರಡು ದಿನ ಮೊದಲು ಕತ್ತರಿಸಿ, ಹಿಂದಿನ ರಾತ್ರಿ ಬೇಡ. ಹೊಸ ಶೂವನ್ನು ಸ್ಪರ್ಧೆಯ ದಿನ ಮೊದಲ ಬಾರಿ ಹಾಕುವವರು ಪ್ರತಿ ಓಟದಲ್ಲೂ ಇರುತ್ತಾರೆ. ನಡುದಾರಿಯಲ್ಲಿ ಶೂ ಬಿಚ್ಚಿ ಕೂತಿರುವವರೂ ಅವರೇ.

ಅಭ್ಯಾಸದ ರಸ್ತೆ ಎಂದಾಗ ನಮ್ಮಲ್ಲಿ ಬೇರೆ ಊರಿನವರಿಗಿಲ್ಲದ ತಲೆನೋವುಗಳಿವೆ. ವಾಹನಕ್ಕೆ ಎದುರಾಗಿ, ಅಂದರೆ ರಸ್ತೆಯ ಬಲಬದಿಯಲ್ಲಿ ಓಡಬೇಕೆಂಬುದು ನಿಯಮ. ಘಾಟಿಯಲ್ಲಿ ಬಲಕ್ಕೆ ಕುರುಡು ತಿರುವು ಬಂದಾಗ ಮಾತ್ರ ಈ ನಿಯಮ ಅಪಾಯ. ಧರೆಗೆ ಅಂಟಿಕೊಂಡು ಬರುವ ಚಾಲಕನಿಗೆ ನೀವು ಕಾಣುವುದೇ ಇಲ್ಲ. ತಿರುವಿಗೆ ಮುಂಚೆಯೇ ಹಿಂದೆಮುಂದೆ ನೋಡಿ ಹೊರಬದಿಗೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ಕೆಲಸದವರನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ಮಂಜಿನಲ್ಲೇ ಜೋರಾಗಿ ಬರುತ್ತವೆ, ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ತಿತಿಮತಿ, ಸಿದ್ದಾಪುರದ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ: ಪೂರ್ತಿ ಬೆಳಕಾಗದೆ ರಸ್ತೆಗಿಳಿಯಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ಆನೆಯ ಮುಂದೆ ಯಾವ ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ) ಲೆಕ್ಕವೂ ನಡೆಯುವುದಿಲ್ಲ.

ರಸ್ತೆಯ ಅಂಚು ನೀರು ಹರಿಯಲೆಂದು ಓರೆಯಾಗಿರುತ್ತದೆ. ದಿನಾ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಮೊಣಕಾಲಿನ ಹೊರಬದಿ ನೋಯತೊಡಗಿದರೆ ಮೊದಲು ರಸ್ತೆಯನ್ನು ಅನುಮಾನಿಸಿ. ವಾರಕ್ಕೊಮ್ಮೆಯಾದರೂ ಶಾಲೆಯ ಮೈದಾನದಲ್ಲೋ, ಗೋಣಿಕೊಪ್ಪ–ಪೊನ್ನಂಪೇಟೆ ಕಡೆಯ ಗದ್ದೆಬಯಲಿನ ರಸ್ತೆಯಲ್ಲೋ, ಕುಶಾಲನಗರದಿಂದ ಕೂಡಿಗೆ ಕಡೆಗೋ ಸಮತಟ್ಟಾದಲ್ಲಿ ಓಡಿ. ಇನ್ನೊಂದು ಕಾರಣಕ್ಕೂ ಇದು ಬೇಕು. ಏರು–ಇಳಿಜಾರಿನಲ್ಲಿ ಸ್ನಾಯುಗಳು ಸರದಿಯಲ್ಲಿ ದುಡಿಯುತ್ತವೆ. ಸಮತಟ್ಟು ರಸ್ತೆಯಲ್ಲಿ ಅವೇ ಸ್ನಾಯುಗಳಿಗೆ ಎರಡು ಗಂಟೆ ಒಂದೇ ಕೆಲಸ. ಗುಡ್ಡದವರು ಬೆಂಗಳೂರಿನಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲುವುದು ಇದಕ್ಕೇ.

ಎತ್ತರದ ಊರಿನವರು, ರಕ್ತದಲ್ಲೇ ಲಾಭ ಇದೆ ಎಂದು ಹೇಳುವವರಿದ್ದಾರೆ. ಕೀನ್ಯಾದ ಓಟಗಾರರ ಊರು ಇಟೆನ್ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಮಡಿಕೇರಿ 1200 ಮೀಟರೂ ಇಲ್ಲ. ಆ ಲಾಭ ನಮಗಿಲ್ಲ, ಇರುವುದು ತಂಪು. ಅದೇ ಮಂಗಳೂರಿಗೆ ಹೋದಾಗ ಮುಳುವಾಗುತ್ತದೆ. ಸೆಕೆಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಅಷ್ಟು ಮುಂಚೆ ಹೋಗಿ ಕೂರಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಮೊದಲ ಕಿಲೋಮೀಟರಿನಿಂದಲೇ ಕಿಲೋಮೀಟರಿಗೆ 20–30 ಸೆಕೆಂಡು ನಿಧಾನ ಓಡಿ.

ಪೇಸ್ ಲೆಕ್ಕ. ಅಮೆರಿಕದ ಇಂಜಿನಿಯರ್ ಪೀಟ್ ರೀಗಲ್ ಕೊಟ್ಟ ಸೂತ್ರದ ಪ್ರಕಾರ 10 ಕಿಲೋಮೀಟರ್ 60 ನಿಮಿಷಕ್ಕೆ ಓಡುವವರು ಹಾಫ್ ಮ್ಯಾರಥಾನ್ ಅನ್ನು ಸುಮಾರು 2 ಗಂಟೆ 12 ನಿಮಿಷಕ್ಕೆ ಮುಗಿಸಬಹುದು. ದೂರದ ಅಭ್ಯಾಸ ಸರಿಯಾಗಿದ್ದರೆ ಮಾತ್ರ. ನಾವು 2:15 ಇಟ್ಟುಕೊಳ್ಳೋಣ, ಕಿಲೋಮೀಟರಿಗೆ 6:24. ಮೊದಲ ಐದು ಕಿಲೋಮೀಟರ್ ಇಳಿಜಾರು ಎಂದುಕೊಳ್ಳಿ. ಖುಷಿಯಲ್ಲಿ 5:30ಕ್ಕೆ ಇಳಿದರೆ ನಾಲ್ಕೂವರೆ ನಿಮಿಷ ಉಳಿತಾಯ. ಅದರಿಂದ ತೊಡೆ ಸೋತು ಕೊನೆಯ ಆರು ಕಿಲೋಮೀಟರ್ 7:30ಕ್ಕೆ ಬಿದ್ದರೆ ಆರೂವರೆ ನಿಮಿಷ ನಷ್ಟ. 6:10ಕ್ಕೆ ಇಳಿದವರು ನಿಮ್ಮನ್ನು 18 ಕಿಲೋಮೀಟರ್ ಹೊತ್ತಿಗೆ ಮಾತಾಡಿಸಿಕೊಂಡೇ ದಾಟಿ ಹೋಗುತ್ತಾರೆ.

ಊಟದ ಬಗ್ಗೆ ಸ್ವಲ್ಪ ಕಠಿಣವಾಗಿ ಹೇಳಬೇಕಾಗಿದೆ. ಹಿಂದಿನ ರಾತ್ರಿ ಕಡಂಬುಟ್ಟು ಧಾರಾಳವಾಗಿ ತಿನ್ನಿ, ನೂಲ್‌ಪುಟ್ಟು ಆದರೂ ಸರಿ, ಅಕ್ಕಿಯೇ ಬೇಕಾದ್ದು. ಪಂದಿಕರಿಯನ್ನು ಮಾತ್ರ ಓಟ ಮುಗಿದ ಮಧ್ಯಾಹ್ನಕ್ಕೆ ಎತ್ತಿಡಿ. ಕೊಬ್ಬು ಕರಗಲು ಹೊತ್ತು ಬೇಕು, ಬೆಳಗ್ಗೆ ಹೊಟ್ಟೆ ಭಾರ. ಬೆಳಗಿನ ಬೆಲ್ಲದ ಕಾಫಿ ಬಿಡಬೇಕಾಗಿಲ್ಲ. ಕೆಫೀನ್ ಓಟಕ್ಕೆ ಸಹಾಯವೇ. ಆದರೆ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಮನೆಯ ಪುಡಿ ಯಾವುದೋ ಅದೇ, ದಿನದ ಅಳತೆಯೇ, ಒಂದು ಗಂಟೆ ಮೊದಲು. ಕಾಫಿ ಹೊಟ್ಟೆಯನ್ನೂ ಎಬ್ಬಿಸುತ್ತದೆ, ಓಟದ ಜಾಗದಲ್ಲಿ ಶೌಚಾಲಯದ ಸಾಲು ಉದ್ದವಿರುತ್ತದೆ.

ಒಂದೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕು. ಒಂದು ಜೆಲ್‌ನಲ್ಲಿ, ಅಂದರೆ ಓಟಗಾರರು ಹೀರುವ ಸಿಹಿ ಪಾಕದ ಪುಟ್ಟ ಪೊಟ್ಟಣದಲ್ಲಿ, ಸುಮಾರು 22–25 ಗ್ರಾಂ, ಸಾಧಾರಣ ಬಾಳೆಹಣ್ಣಿನಲ್ಲೂ ಹತ್ತಿರಹತ್ತಿರ ಅಷ್ಟೇ. ಜೆಲ್ ತಿಂದರೆ ಜೊತೆಗೆ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಹೊಟ್ಟೆ ಹಿಂಡುತ್ತದೆ. ಮನೆಯಲ್ಲೇ ಪಾನೀಯ ಮಾಡುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಬಾಯಿಮಟ್ಟ ಸಮ ಮಾಡಿ. ತಂಪಿನಲ್ಲಿ ಬಾಯಾರಿಕೆಗೆ ತಕ್ಕಷ್ಟೇ ಕುಡಿಯಿರಿ. ದಾರಿಯಲ್ಲಿ ನೀರು ಇಟ್ಟಿರುವ ಪ್ರತಿ ಮೇಜಿನಲ್ಲೂ ಎರಡೆರಡು ಲೋಟ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ನೋವಿನ ಮಾತ್ರೆ ನುಂಗಿ ಓಡುವುದು ಮೂತ್ರಪಿಂಡಕ್ಕೆ ಅಪಾಯ. ಜ್ವರ ಇದ್ದರೆ ಓಟವೇ ಬೇಡ.

ಬಿಬ್, ಅಂದರೆ ನಿಮ್ಮ ಓಟದ ನಂಬರಿನ ಚೀಟಿ, ಅದರ ಹಿಂದೆ ಅಂಟಿಸಿದ ಸಮಯ ಅಳೆಯುವ ಚಿಪ್ ಮಡಿಚಬೇಡಿ. ನಾಲ್ಕು ಮೂಲೆಗೂ ಪಿನ್ ಹಾಕಿ ಎದೆಯ ಮೇಲಿರಲಿ, ಜಾಕೆಟ್ ಒಳಗೆ ಮುಚ್ಚಿಟ್ಟು ಆಮೇಲೆ ಸಮಯ ಬರಲಿಲ್ಲ ಎಂದರೆ ಪ್ರಯೋಜನವಿಲ್ಲ. ವಾಚ್ 21.4 ತೋರಿಸಿತು, ದೂರ ತಪ್ಪು ಎಂಬ ಜಗಳ ಪ್ರತಿ ಸಲವೂ ನಡೆಯುತ್ತದೆ. ಪ್ರಮಾಣಿತ ಓಟದ ದಾರಿಯನ್ನು ಸರಿಹೊಂದಿಸಿದ ಸೈಕಲ್‌ನಿಂದ, ತಿರುವುಗಳ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ. ನೀವು ಓಡಿದ್ದು ತಿರುವಿನ ಹೊರಗೆರೆಯಲ್ಲಿ. ಸಿಲ್ವರ್ ಓಕ್ ಮರಗಳ ಅಡಿಯಲ್ಲಿ ವಾಚಿಗೂ ಉಪಗ್ರಹ ಸರಿಯಾಗಿ ಸಿಕ್ಕುವುದಿಲ್ಲ. ಕಿಲೋಮೀಟರ್ ಫಲಕ ಬಂದಾಗ ಲ್ಯಾಪ್ ಗುಂಡಿ ನೀವೇ ಒತ್ತಿ.

ಮುಗಿಸಿದ ಕೂಡಲೇ ಧಪ್ಪೆಂದು ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಕೂಡಲೇ ಕೂತರೆ ರಕ್ತ ಕಾಲಿನಲ್ಲೇ ನಿಂತು ಕಣ್ಣು ಕತ್ತಲೆ ಬರುತ್ತದೆ. ಮಳೆಯಲ್ಲಿ ನೆನೆದ ಶೂವನ್ನು ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ.

ಎರಡನೇ ದಿನ ಬೆಳಗ್ಗೆ ಮನೆಯ ಮೆಟ್ಟಿಲಿಳಿದು ಕಣಕ್ಕೆ ಹೋಗಿ ನೋಡಿ. ತೊಡೆಯ ಮುಂಭಾಗ ಚೀರಿದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಿದ್ದೀರಿ. ಮೀನಖಂಡ ಬಿಗಿದಿದ್ದರೆ ಏರಿನಲ್ಲಿ ತುದಿಗಾಲಿನಲ್ಲಿ ಓಡಿದ್ದೀರಿ. ಒಂದೇ ಮೊಣಕಾಲಿನ ಹೊರಬದಿ ನೋವು ರಸ್ತೆಯ ಓರೆಯದು, ಹೆಬ್ಬೆರಳಿನ ಉಗುರು ಲೇಸಿನದು. ಎರಡೂ ತೊಡೆ ಒಂದೇ ಸಮ ನೋಯುತ್ತಿದ್ದರೆ ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ, ನಡೆದಾಡಿಕೊಂಡಿರಿ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಮೂಳೆಯ ಮೇಲೆ ನೋವಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮತ್ತೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ.