ಸುರಂಗದಾಚೆಯ ಹೋಮ್ ಮ್ಯಾಚ್

ನಮಸ್ಕಾರ. ಇವತ್ತು ಒಂದು ಊರಿನ ಕಥೆ ಹೇಳುತ್ತೇನೆ. ಕ್ಲಾಕ್ಸ್‌ವಿಕ್. ಹೆಸರು ಕೇಳಿಲ್ಲ ಅಲ್ವಾ? ಸ್ಕಾಟ್‌ಲೆಂಡ್‌ಗೂ ಐಸ್‌ಲೆಂಡ್‌ಗೂ ನಡುವೆ, ಅಟ್ಲಾಂಟಿಕ್ ಸಾಗರದಲ್ಲಿ ಫ್ಯಾರೋ ಅಂತ 18 ದ್ವೀಪಗಳಿವೆ. ಎಲ್ಲಾ ಸೇರಿಸಿದರೂ 55 ಸಾವಿರದ ಆಸುಪಾಸು ಜನ. ಅದರಲ್ಲಿ ಕ್ಲಾಕ್ಸ್‌ವಿಕ್ ಮೀನುಗಾರರ ಊರು, ಐದು ಸಾವಿರ ಚಿಲ್ಲರೆ ಜನ ಇದ್ದಾರೆ, ನಮ್ಮ ಕಡೆ ಆದರೆ ಒಂದು ದೊಡ್ಡ ಹಳ್ಳಿ ಅಂತೀವಿ ಅಷ್ಟೇ. ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಹೆಸರು ಕೆಇ. ಹುಟ್ಟಿದ್ದು 1904ರಲ್ಲಿ.

ಅಲ್ಲಿ ಮಳೆ, ಗಾಳಿ ಎರಡೂ ಜಾಸ್ತಿ. ಹುಲ್ಲಿನ ಮೈದಾನ ಉಳಿಸಿಕೊಳ್ಳುವುದೇ ಕಷ್ಟ. 1990ರಲ್ಲಿ ಫ್ಯಾರೋ ರಾಷ್ಟ್ರೀಯ ತಂಡ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿತು, ಆ ಮ್ಯಾಚ್ ಆಡಿದ್ದು ಸ್ವೀಡನ್‌ನಲ್ಲಿ. ಕಾರಣ, ಆ ದ್ವೀಪಗಳಲ್ಲಿ ಆಡಲು ಹುಲ್ಲಿನ ಮೈದಾನವೇ ಇರಲಿಲ್ಲ! ಅವತ್ತು ಗೋಲ್‌ಕೀಪರ್ ತಲೆ ಮೇಲೆ ಕುಚ್ಚು ಇರುವ ಉಣ್ಣೆ ಟೋಪಿ ಇತ್ತು, ಇವತ್ತಿಗೂ ಜನ ಗೋಲಿಗಿಂತ ಆ ಟೋಪಿಯನ್ನೇ ನೆನೆಯುತ್ತಾರೆ. ಇದಕ್ಕೆಲ್ಲ ಉಪಾಯ ಕೃತಕ ಹುಲ್ಲು. ಮಳೆ ಬಂದರೂ ಹುಡುಗರು ಆಡಬಹುದು. ನನ್ನ ಕೇಳಿದರೆ, ಅಲ್ಲಿನ ಆಟ ಬದಲಾಗಿದ್ದು ಇದರಿಂದಲೇ.

ಕೆಇ 1999ರಲ್ಲಿ ಫ್ಯಾರೋ ಲೀಗ್ ಗೆದ್ದಿತು. ಮುಂದಿನ ಗೆಲುವಿಗೆ ಇಪ್ಪತ್ತು ವರ್ಷ ಕಾಯಬೇಕಾಯಿತು, 2019ರ ತನಕ. ಮರುವರ್ಷ ಕೊರೊನಾ. ಯುರೋಪಿನ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆ ಸ್ಲೊವಾಕಿಯಾದ ಸ್ಲೊವಾನ್ ತಂಡ ಬಂತು, ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಬದಲಿ ತಂಡ ಕಳಿಸಿದರು, ಅದರಲ್ಲೂ ಸೋಂಕು! ಕೊನೆಗೆ ಆಡದೆಯೇ ಕೆಇಗೆ 3-0 ಗೆಲುವು. ಸುಮ್ನೆ ಅದೃಷ್ಟ ಅಂದವರು ಬಹಳ. ಆದರೆ ಮುಂದಿನ ತಿಂಗಳು ಅದೇ ಹುಡುಗರು ಜಾರ್ಜಿಯಾದ ದಿನಾಮೊ ತಬಿಲಿಸಿಗೆ ಆರು ಗೋಲು ಹೊಡೆದರು, ಬಿಟ್ಟಿದ್ದು ಒಂದೇ.

ಇನ್ನು 2023ರ ಜುಲೈ. ಮತ್ತೆ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತು. ಎದುರಿಗೆ ಹಂಗೇರಿಯ ಚಾಂಪಿಯನ್ ಫೆರೆಂಟ್ಸ್‌ವಾರೋಶ್. ಕೆಇ ಕಡೆ ಹಲವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸ್‌ಗೆ ಬರುವವರು. ಊರಲ್ಲಿ 0-0. ಬುಡಾಪೆಸ್ಟ್‌ಗೆ ಹೋಗಿ 3-0 ಗೆದ್ದರು, ಅದೂ ಅರ್ಧ ಆಟದೊಳಗೆ ಮೂರೂ ಗೋಲು. ಮಾರನೇ ದಿನವೇ ಫೆರೆಂಟ್ಸ್‌ವಾರೋಶ್ ಕೋಚ್ ಮನೆಗೆ. ಆಮೇಲೆ ಸ್ವೀಡನ್‌ನ ಹೆಕೆನ್ ತಂಡವನ್ನು ಅದರ ಊರಲ್ಲೇ ಪೆನಾಲ್ಟಿಯಲ್ಲಿ ಮುಗಿಸಿದರು. ಮುಂದೆ ನಾರ್ವೆಯ ಮೋಲ್ಡೆ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋತರು, ಇರಲಿ. ಅಷ್ಟರಲ್ಲಿ ಯುರೋಪಿನ ಮೂರನೇ ದರ್ಜೆಯ ಕ್ಲಬ್ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಗುಂಪಿನಲ್ಲಿ ಜಾಗ ಖಚಿತವಾಗಿತ್ತು. ಫ್ಯಾರೋ ಕ್ಲಬ್ಬೊಂದು ಯುರೋಪಿನ ಗುಂಪು ಹಂತಕ್ಕೆ ಹೋಗಿದ್ದು ಅದೇ ಮೊದಲು. ಗುಂಪಿಗೆ ಬಂದರೆ ಸಾಕು, 29 ಲಕ್ಷ ಯೂರೋ ಕೈಗೆ. ಐದು ಸಾವಿರ ಜನರ ಊರಿಗೆ!

ಆದರೆ ಗುಂಪಿನ ಮ್ಯಾಚ್‌ಗಳು ನಡೆದಿದ್ದು ರಾಜಧಾನಿ ತೋರ್ಶಾನ್‌ನ ದೊಡ್ಡ ಮೈದಾನದಲ್ಲಿ. ಅಂದರೆ "ಹೋಮ್ ಮ್ಯಾಚ್" ನೋಡಲು ಊರವರು ಗಾಡಿ ಹತ್ತಿ ಸಮುದ್ರದಡಿಯ ಎರಡು ಸುರಂಗ ದಾಟಬೇಕು. ಎರಡನೆಯದು 11 ಕಿಲೋಮೀಟರ್ ಉದ್ದ, ಒಳಗೆ ಒಂದು ಸರ್ಕಲ್ ಬೇರೆ ಇದೆ, ಕಡಲ ಕೆಳಗೆ ನೀಲಿ, ಹಸಿರು ಬೆಳಕಿನ ಸರ್ಕಲ್. ಅದನ್ನು ಸುತ್ತಿಕೊಂಡು ಹೋಗಿ ಫ್ರಾನ್ಸ್‌ನ ಲಿಲ್ ತಂಡ ಒಂದು ಗೋಲೂ ಹೊಡೆಯಲಾಗದೆ 0-0ಗೆ ವಾಪಸಾಗಿದ್ದನ್ನು ನೋಡಿದರು. ಸ್ಲೊವೇನಿಯಾದ ಒಲಿಂಪಿಯಾವನ್ನು 3-0 ಸೋಲಿಸಿದ್ದನ್ನೂ ನೋಡಿದರು. ಗುಂಪಿನಲ್ಲಿ ಸ್ಲೊವಾನ್ ಕೂಡ ಇತ್ತು! ಎರಡೂ ಸಲ ಗೆದ್ದು 2020ರ ಹಳೇ ಬಾಕಿ ವಸೂಲಿ ಮಾಡಿಕೊಂಡು ಹೋಯಿತು. ಕೊನೆಗೆ ಕೆಇ ಗುಂಪಿನಲ್ಲಿ ಕೊನೇ ಸ್ಥಾನ, ನಾಲ್ಕು ಪಾಯಿಂಟ್.

ಇಷ್ಟು ದುಡ್ಡು ಬಂದ ಮೇಲೆ ಫ್ಯಾರೋ ಲೀಗ್‌ನಲ್ಲಿ ಇವರನ್ನು ಹಿಡಿಯುವವರಿಲ್ಲ ಅಂತ ಎಲ್ಲರೂ ಅಂದುಕೊಂಡರು. ಆದರೆ 2024ರಲ್ಲಿ ಲೀಗ್ ಹೋಗಿದ್ದು ವಿಕಿಂಗುರ್‌ಗೆ. ಅದು ಕ್ಲಾಕ್ಸ್‌ವಿಕ್‌ನಿಂದ ಹೊರಟು ಮೊದಲ ಸುರಂಗ ದಾಟಿದರೆ ಸಿಗುವ ಊರುಗಳ ತಂಡ.