ಒಳ್ಳೆಯ ಹೆಣ್ಣಾಡು ಸಂತೆಗೆ ಬರುವುದು ಅಪರೂಪ

ಎಲ್ಲರಿಗೂ ನಮಸ್ಕಾರ.

ಕೊಟ್ಟಿಗೆ ಕಟ್ಟಿಸಿಯಾಗಿದೆ, ಮೇವಿಗೆ ಅಗಸೆ, ಸುಬಾಬುಲ್ ಹಚ್ಚಿಯಾಗಿದೆ, ಇನ್ನು ಆಡು ತರುವುದೊಂದೇ ಬಾಕಿ ಎನ್ನುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನನ್ನ ಮೊದಲ ಮಾತು ನಿಮಗೆ ಹಿಡಿಸದೆ ಇರಬಹುದು. ಸಾಕುವುದಕ್ಕೆಂದು ಹೆಣ್ಣಾಡು ಕೊಳ್ಳಲು ಸಂತೆಗೆ ಹೋಗಬೇಡಿ.

ಅಮೀನಗಡ, ಕೆರೂರು, ಅಕ್ಕಿರಾಂಪುರದಂಥ ಸಂತೆಗಳ ಬಗ್ಗೆ ನನಗೆ ಗೌರವವಿದೆ. ನಮ್ಮ ಬಯಲುಸೀಮೆಯ ಕುರಿ ಆಡುಗಾರರ ಕೈಗೆ ರೊಕ್ಕ ಸಿಗುವುದೇ ಅಲ್ಲಿ. ಮಾಂಸಕ್ಕೆ ಹೋಗುವ ಗಂಡುಮರಿಗೆ ಸಂತೆಗಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಹೆಣ್ಣಾಡಿನ ಲೆಕ್ಕ ಬೇರೆ. ಇಪ್ಪತ್ತು ಹೆಣ್ಣಾಡು ಇರುವವನು ಕಾಸು ಬೇಕಾದಾಗ ಯಾವುದನ್ನು ಹೊಡೆದುಕೊಂಡು ಹೊರಡುತ್ತಾನೆ ಎಂದು ಯೋಚಿಸಿ ನೋಡಿ. ಎರಡು ಸಲ ಕಂದು ಹಾಕಿದ್ದನ್ನು, ಅಂದರೆ ಗಬ್ಬ ಇಳಿದುಹೋದುದನ್ನು, ಒಂದು ಕಡೆಯ ಕೆಚ್ಚಲು ಗಟ್ಟಿಯಾದುದನ್ನು, ಮರಿಗೆ ಮೊಲೆ ಕೊಡದೆ ಒದೆಯುವುದನ್ನು, ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದನ್ನು. ಬರ ಬಿದ್ದಾಗಲೋ, ಆಸ್ಪತ್ರೆ ಖರ್ಚು ಬಂದಾಗಲೋ ಚಿನ್ನದಂಥ ಆಡುಗಳೂ ಸಂತೆಗೆ ಬರುತ್ತವೆ, ನಿಜ. ಆದರೆ ದಲ್ಲಾಳಿಗಳು ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಆ ಐದು ನಿಮಿಷದಲ್ಲಿ, ಯಾವುದು ಕಷ್ಟಕ್ಕೆ ಬಂದ ಆಡು, ಯಾವುದು ದೋಷಕ್ಕೆ ಬಂದ ಆಡು ಎಂದು ಹೊಸಬರು ಗುರುತಿಸಲಾರರು.

ಇನ್ನೊಂದು ಕಾರಣ ರೋಗ. ನಮ್ಮ ರೈತರು ಹಿರೇಬೇನೆ ಎನ್ನುವ ಪಿಪಿಆರ್ ರೋಗದ ವೈರಾಣು ಮೈಯೊಳಗೆ ಸೇರಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಬೇಕು. ಸಂತೆಯ ದಿನ ಆಡು ಚೆನ್ನಾಗಿಯೇ ಇರುತ್ತದೆ. ಮನೆಗೆ ತಂದು ವಾರ ಕಳೆಯುವಷ್ಟರಲ್ಲಿ ಮೂಗು ಸುರಿಯುತ್ತದೆ, ಬಾಯಿ ಹುಣ್ಣಾಗುತ್ತದೆ, ಭೇದಿ ಹಿಡಿಯುತ್ತದೆ. ಹಲವು ಊರುಗಳ ಪ್ರಾಣಿಗಳು ಒಂದೇ ಲಾರಿಯಲ್ಲಿ ಉಸಿರಿಗೆ ಉಸಿರು ತಾಗಿಸಿಕೊಂಡು ಬಂದಿರುತ್ತವೆ. ಹೊಸದಾಗಿ ಶುರುಮಾಡಿದವರ ಹಿಂಡು ಮೊದಲ ತಿಂಗಳಲ್ಲೇ ಕರಗಿಹೋಗುವುದನ್ನು ಪಶುವೈದ್ಯನಾಗಿ ನಾನು ಕಂಡದ್ದು ಹೆಚ್ಚಾಗಿ ಹೀಗೆಯೇ.

ಹಾಗಾದರೆ ಎಲ್ಲಿಗೆ ಹೋಗಬೇಕು? ಆಡು ಹುಟ್ಟಿದ ಮನೆಗೆ. ಅದರ ತಾಯಿ ಇನ್ನೂ ಅಲ್ಲೇ ಮೇಯುತ್ತಿರಬೇಕು. ಇವತ್ತು ಹೇಳಬೇಕಾದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ತಳಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಜನ ತಳಿಯ ಹೆಸರಿಗೆ ಕೊಡುವಷ್ಟು ಬೆಲೆಯನ್ನು ಆಡಿಗೆ ಕೊಡುವುದಿಲ್ಲ. ಮೊಬೈಲಿನಲ್ಲಿ ಜಮುನಾಪಾರಿ ನೋಡಿ ಮರುಳಾಗದವರಿಲ್ಲ. ಉಬ್ಬಿದ ಮೂಗು, ಜೋಲುವ ಕಿವಿ, ಎತ್ತರದ ನಿಲುವು, ಚಂದವೇನೋ ಹೌದು. ಅದು ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಯಮುನಾ, ಚಂಬಲ್ ನದಿಗಳ ಕೊರಕಲಿನ ಕುರುಚಲು ಕಾಡಿನಲ್ಲಿ ಓಡಾಡಿ ಮೇದು ಬೆಳೆದ ತಳಿ. ಸಿರೋಹಿ ರಾಜಸ್ಥಾನದ್ದು, ಬೀಟಲ್ ಪಂಜಾಬಿನದು, ಬೋಯರ್ ದಕ್ಷಿಣ ಆಫ್ರಿಕಾದ್ದು. ಇವೆಲ್ಲ ತಮ್ಮ ನೆಲದಲ್ಲಿ ಅತ್ಯುತ್ತಮ ತಳಿಗಳು. ನಮ್ಮಲ್ಲಿಯೇ ತುಮಕೂರು, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆ ಬಿಳಿ ಮೈಯ ನಂದಿದುರ್ಗ ಆಡು ಇದೆ. ಬೀದರ್ ಸೀಮೆಯಲ್ಲಿ ಕಪ್ಪು ಬಣ್ಣದ ಬಿದ್ರಿ ಇದೆ. ಎರಡನ್ನೂ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೊ ಪ್ರತ್ಯೇಕ ತಳಿಗಳೆಂದು ನೋಂದಾಯಿಸಿದೆ. ಕಲಬುರಗಿ, ಬೀದರ್ ಗಡಿಯುದ್ದಕ್ಕೂ ಉಸ್ಮಾನಾಬಾದಿ ಸಿಗುತ್ತದೆ. ಮೊದಲ ಹಿಂಡನ್ನು ನಿಮ್ಮ ಊರಿನಿಂದ ಒಂದು ದಿನದ ದಾರಿಯೊಳಗೆ ಹುಟ್ಟಿದ ತಳಿಯಿಂದಲೇ ಕಟ್ಟಿ. ಅದರ ತಾಯಿ, ಅಜ್ಜಿ ನಿಮ್ಮ ಹವೆಯಲ್ಲೇ, ನಿಮ್ಮ ಸೊಪ್ಪನ್ನೇ ತಿಂದು ಬದುಕಿವೆ. ಎರಡು ಸಾವಿರ ಕಿಲೋಮೀಟರ್ ಲಾರಿಯಲ್ಲಿ ನಿಂತು ಬಂದ ಆಡಿಗೆ ನೀವು ಎಷ್ಟು ಪ್ರೀತಿ ತೋರಿಸಿದರೂ ಆ ಹೊಂದಾಣಿಕೆಯನ್ನು ಕೊಡಲಾರಿರಿ.

ಈಗ ಆಡನ್ನು ಮುಟ್ಟಿ ನೋಡುವ ವಿಷಯಕ್ಕೆ ಬರೋಣ. ದಯವಿಟ್ಟು ಮುಟ್ಟಿಯೇ ನೋಡಿ. ವಾಟ್ಸ್ಯಾಪ್‌ನಲ್ಲಿ ಬರುವ ಚಿತ್ರವನ್ನು ನೆಲಮಟ್ಟದಿಂದ ತೆಗೆದಿದ್ದರೆ ಮೂವತ್ತು ಕಿಲೋ ಆಡು ಅರವತ್ತು ಕಿಲೋ ಕಾಣುತ್ತದೆ.

ಮೊದಲು ದೂರ ನಿಲ್ಲಿ. ಬೆಳಿಗ್ಗೆ ಮೇವು ಹಾಕುವ ಹೊತ್ತಿಗೆ ಹೋದರೆ ಯಾವುದು ಮುನ್ನುಗ್ಗಿ ತಿನ್ನುತ್ತದೆ, ಯಾವುದು ಹಿಂದೆ ಸರಿದು ನಿಲ್ಲುತ್ತದೆ ಎಂಬುದು ಕಾಣುತ್ತದೆ. ಮಧ್ಯಾಹ್ನ ಮಲಗಿ ಮೆಲುಕು ಹಾಕುತ್ತಿರಬೇಕು. ಹಿಕ್ಕೆ ಬಿಡಿಬಿಡಿಯಾಗಿ ಬೀಳಬೇಕು, ಬಾಲದ ಸುತ್ತ ಕೊಳಕು ಅಂಟಿರಬಾರದು. ನಡೆಸಿ ನೋಡಿ, ಕುಂಟು ಇದ್ದರೆ ಗೊರಸಿನ ನಡುವೆ ಬೆರಳಿಟ್ಟು ವಾಸನೆ ನೋಡಿ.

ಆಮೇಲೆ ಬಾಯಿ. ಆಡಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಕೆಳಗೆ ಎಂಟು. ಎಂಟೂ ಸಣ್ಣ ಹಾಲುಹಲ್ಲಾದರೆ ವಯಸ್ಸು ಹೆಚ್ಚೆಂದರೆ ವರ್ಷದ ಆಚೀಚೆ. ನಡುವಿನ ಎರಡು ಉದುರಿ ಅಗಲ ಹಲ್ಲು ಬಂದಿದ್ದರೆ ವರ್ಷ ದಾಟಿದೆ. ನಾಲ್ಕು ಹಲ್ಲಾದರೆ ಎರಡರ ಸುಮಾರು, ಆರು ಹಲ್ಲಾದರೆ ಮೂರರ ಆಸುಪಾಸು. ಎಂಟೂ ಬಂದು ಬಾಯಿಗೂಡಿದ ಮೇಲೆ ವಯಸ್ಸು ಹೇಳುವುದು ಕಷ್ಟ, ಸವೆತವನ್ನು ನೋಡಬೇಕು. ತಳಿ, ಮೇವಿನ ಮೇಲೆ ಕೆಲವು ತಿಂಗಳು ಹಿಂದುಮುಂದಾಗುತ್ತದೆ. ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂಡಬೇಕು. ಕೆಳದವಡೆ ಗಿಡ್ಡವಾಗಿ ಗಿಣಿಮೂತಿಯಂತಿದ್ದರೆ ಬಿಟ್ಟುಬಿಡಿ, ಅದು ಮೇಯಲಾರದು, ಆ ದೋಷ ಮರಿಗೂ ಇಳಿಯಬಹುದು.

ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಾಗಿದ್ದರೆ ಸರಿ, ಬಿಳಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು ತುಂಬಿರುವ ಸಂಭವ ಹೆಚ್ಚು. ಹಿಂಡಿನಲ್ಲಿ ಐದಾರಕ್ಕೆ ಹೀಗಿದ್ದರೆ ಆ ಮನೆಯ ಮೇವಿನ ನೆಲವೇ ಕೆಟ್ಟಿದೆ ಎಂದು ತಿಳಿಯಿರಿ. ದವಡೆಯ ಕೆಳಗೆ, ಭುಜದ ಮುಂದೆ ಕೈಯಾಡಿಸಿ. ಗಟ್ಟಿ ಗಂಟು ಸಿಕ್ಕರೆ ಬೇಡ. ಅದು ಒಡೆದು ಕೀವು ಸುರಿದರೆ ಇಡೀ ಹಿಂಡಿಗೆ ಹರಡುವ ಕಾಯಿಲೆಯಾಗಿರಬಹುದು.

ಕೆಚ್ಚಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ. ಮೆತ್ತಗಿರಬೇಕು, ಎರಡೂ ಭಾಗ ಸಮವಾಗಿರಬೇಕು, ಎರಡೇ ತೊಟ್ಟು ಇರಬೇಕು, ಎರಡರಿಂದಲೂ ಹಾಲು ಬರಬೇಕು. ಹಾಲು ಕರೆಯುವ ಉದ್ದೇಶವಿಲ್ಲದವರು ಇದನ್ನು ಅಲಕ್ಷಿಸುತ್ತಾರೆ, ಆಮೇಲೆ ಅವಳಿ ಮರಿಗಳಲ್ಲಿ ಒಂದು ಹಸಿವಿನಿಂದ ಸಾಯುವುದನ್ನು ನೋಡುತ್ತಾ ಕೂರುತ್ತಾರೆ.

ತೂಕದ ಬಗ್ಗೆ ಒಂದು ಲೆಕ್ಕ ಬರೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಹಿಂಬದಿಯ ಮೂಳೆಯವರೆಗಿನ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 28, ಉದ್ದ 26 ಇಂಚು ಇದ್ದರೆ ಸುಮಾರು 31 ಕಿಲೋ. ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ಮುಂಜಾನೆ ನೀರು ಕುಡಿಸುವ ಮೊದಲು ತೂಗಬೇಕು.

ಯಾವ ವಯಸ್ಸಿನದು ಕೊಳ್ಳಬೇಕು ಎಂದು ಕೇಳುತ್ತೀರಿ. ಚೊಚ್ಚಲ ಸೂಲು ಮುಗಿಸಿ, ಮರಿಯನ್ನು ಜೊತೆಯಲ್ಲೇ ಮೇಯಿಸುತ್ತಿರುವ ಎಳೆಯ ಆಡು ನನ್ನ ಆಯ್ಕೆ. ಅದು ಗಬ್ಬ ನಿಲ್ಲುತ್ತದೆ, ಈಯುತ್ತದೆ, ಹಾಲು ಕೊಡುತ್ತದೆ, ಮರಿ ಸಾಕುತ್ತದೆ ಎಂಬ ನಾಲ್ಕಕ್ಕೂ ಸಾಕ್ಷಿ ಅದರ ಪಕ್ಕದಲ್ಲೇ ಜಿಗಿಯುತ್ತಿರುತ್ತದೆ. ಐದು ತಿಂಗಳ ಗಬ್ಬದಲ್ಲಿ ಕೊನೆಯ ತಿಂಗಳುಗಳಲ್ಲಿರುವ ಆಡನ್ನು ಲಾರಿಗೆ ಹತ್ತಿಸಬೇಡಿ. ಒಂದರ ಬೆಲೆಗೆ ಮೂರು ಎಂಬ ಆಸೆಗೆ ಮೂರನ್ನೂ ಕಳೆದುಕೊಂಡವರಿದ್ದಾರೆ.

‘ಅವಳಿ ತಳಿ’ ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. ಒಂದು ಸೂಲಿನಲ್ಲಿ ಎಷ್ಟು ಮರಿ ಎಂಬುದು ರಕ್ತದಲ್ಲಿ ಇಳಿದು ಬರುವ ಪ್ರಮಾಣ ಕಡಿಮೆ. ಬೆದೆಯ ಹೊತ್ತಿಗೆ ಸಿಕ್ಕ ಮೇವಿನ ಪಾತ್ರ ದೊಡ್ಡದು. ಎಷ್ಟು ಈದಿತು ಎಂದು ಕೇಳಿ ಸುಮ್ಮನಾಗಬೇಡಿ. ಮೂರು ಸೂಲಿನಲ್ಲಿ ಎಷ್ಟು ಮರಿ ಹಾಲು ಬಿಡುವವರೆಗೆ ಉಳಿದವು ಎಂದು ಕೇಳಿ.

ಹೋತದ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಇಪ್ಪತ್ತೈದು ಹೆಣ್ಣಿಗೆ ಒಂದು ಹೋತವಾದರೆ ಹುಟ್ಟುವ ಪ್ರತಿ ಮರಿಯಲ್ಲೂ ಅರ್ಧ ಅದರದೇ. ಎರಡೂ ಬೀಜ ಕೆಳಗಿಳಿದು ಸಮವಾಗಿ, ಗಟ್ಟಿಯಾಗಿ ಇರಬೇಕು. ಕಾಲು ನೇರ ಇರಬೇಕು. ಹುಟ್ಟಿನಿಂದ ಕೊಂಬಿಲ್ಲದ ಹೋತವನ್ನು ಹಾಗೆಯೇ ಕೊಂಬಿಲ್ಲದ ಹೆಣ್ಣಿಗೆ ಬಿಟ್ಟರೆ, ಹೆಣ್ಣಾಗಬೇಕಿದ್ದ ಮರಿಗಳಲ್ಲಿ ಕೆಲವು ಅತ್ತ ಗಂಡೂ ಅಲ್ಲದೆ ಇತ್ತ ಹೆಣ್ಣೂ ಅಲ್ಲದೆ ಬಂಜೆಯಾಗಿ ಹುಟ್ಟುತ್ತವೆ. ಎರಡರಲ್ಲಿ ಒಂದಕ್ಕಾದರೂ ಕೊಂಬು ಇರಲಿ. ಹೆಣ್ಣುಗಳನ್ನು ಕೊಂಡ ಮನೆಯಿಂದಲೇ ಹೋತವನ್ನೂ ತರಬೇಡಿ, ಅಣ್ಣತಂಗಿಯರನ್ನು ಕೂಡಿಸಿದಂತಾಗುತ್ತದೆ. ತಂದ ಹೋತವನ್ನೂ ಅದರ ಹೆಣ್ಣುಮಕ್ಕಳು ಬೆದೆಗೆ ಬರುವ ಮೊದಲೇ ಬದಲಿಸಿ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಸಂಗತಿ ಇಲ್ಲಿದೆ. ಹಳ್ಳಿಯ ಹಿಂಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಗಂಡುಮರಿ ಎಲ್ಲಕ್ಕಿಂತ ಮೊದಲು ಮಾರಾಟವಾಗುತ್ತದೆ. ಬಕ್ರೀದ್‌ಗೆ, ಜಾತ್ರೆಗೆ, ಹರಕೆಗೆ ಬೇಕಾದದ್ದು ಊನವಿಲ್ಲದ, ಮೈತುಂಬಿದ ಮರಿ. ಮಾರಾಟವಾಗದೆ ಉಳಿದ ಬಡಕಲು ಮರಿಯೇ ಹಿಂಡಿನಲ್ಲಿ ದೊಡ್ಡದಾಗಿ ಹೆಣ್ಣುಗಳನ್ನು ಕೂಡುತ್ತದೆ. ತಲೆಮಾರಿನಿಂದ ತಲೆಮಾರಿಗೆ ತಳಿ ಇಳಿಯುವುದು ಹೀಗೆ. ಇದಕ್ಕೆ ಆಡುಗಾರನನ್ನು ದೂರುವುದು ಅನ್ಯಾಯ, ಅವನಿಗೆ ಹೊಟ್ಟೆಪಾಡಿದೆ. ಕೊಳ್ಳುವ ನಾವು ಮೂರು ತಿಂಗಳ ಆ ಮರಿಗೆ ಹಬ್ಬದ ಬೆಲೆಯನ್ನು ಮುಂಗಡವಾಗಿ ಕೊಟ್ಟು, ತಳಿಗಾಗಿ ಉಳಿಸಿಕೊಡು ಎಂದು ಕೇಳಿದ್ದೇವೆಯೇ? ನಿಮ್ಮಲ್ಲಿ ನಾಲ್ಕು ಜನ ಸೇರಿ ಹೀಗೆ ಮಾಡಿದರೆ ಒಂದು ಹಟ್ಟಿಯ ಹಿಂಡೇ ಬದಲಾಗಬಲ್ಲದು.

ಇನ್ನು ಸಾಕಣೆದಾರ. ಒಳ್ಳೆಯವನನ್ನು ಗುರುತಿಸುವ ಸುಲಭ ದಾರಿ, ಅವನ ಕೊಟ್ಟಿಗೆಯಲ್ಲಿ ಎಲ್ಲ ವಯಸ್ಸಿನ ಆಡು ಇವೆಯೇ ಎಂದು ನೋಡುವುದು. ಮುದಿ ತಾಯಿ, ಹಾಲು ಕುಡಿಯುವ ಮರಿ, ವರ್ಷದ ಹೆಣ್ಣು ಎಲ್ಲವೂ ಇದ್ದರೆ ಅದು ಸಂಸಾರ. ಒಂದೇ ವಯಸ್ಸಿನ ಹೆಣ್ಣುಗಳಷ್ಟೇ ಸಾಲಾಗಿ ನಿಂತಿದ್ದರೆ ಅದು ಕೊಂಡು ಮಾರುವ ಅಂಗಡಿ. ವ್ಯಾಪಾರ ತಪ್ಪಲ್ಲ, ಹೊರಗಿನಿಂದ ತಂದದ್ದನ್ನು ನಮ್ಮಲ್ಲೇ ಹುಟ್ಟಿದ್ದು ಎನ್ನುವುದು ತಪ್ಪು. ಹನ್ನೆರಡು ಅಂಕಿಯ ಕಿವಿಯೋಲೆ ಇದ್ದರೆ ಸಂಖ್ಯೆ ಬರೆದುಕೊಂಡು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ಕಳೆದ ವರ್ಷ ಎಷ್ಟು ಮರಿ ಸತ್ತವು? ಯಾವುದಕ್ಕೆ? ಯಾವ ಆಡನ್ನು ಮಾರುವುದಿಲ್ಲ, ಏಕೆ? ಏನೂ ಸತ್ತಿಲ್ಲ ಎನ್ನುವವನ ಮನೆಯಿಂದ ಎದ್ದು ಬನ್ನಿ. ಇಂಥ ಮಳೆಯಲ್ಲಿ ಕರುಳುಬೇನೆಗೆ ಆರು ಹೋದವು, ಆಮೇಲೆ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿದೆ ಎನ್ನುವವನ ಮಾತಿಗೆ ಬೆಲೆ ಕೊಡಿ. ಪುಸ್ತಕದಲ್ಲಿ ಈದ ದಿನ, ಹುಟ್ಟುತೂಕ, ಲಸಿಕೆಯ ದಿನಾಂಕ ಬರೆದಿಟ್ಟಿದ್ದರೆ ಸಂತೋಷ. ಆದರೆ ಪುಸ್ತಕವಿಲ್ಲವೆಂದು ಗೊಲ್ಲರಹಟ್ಟಿಯ ಹಿರಿಯರನ್ನು ಕಡೆಗಣಿಸಬೇಡಿ. ಇದು ಆ ಕರಿಕಿವಿಯ ಮಗಳು, ಅದರ ತಾಯಿಯನ್ನು ಬರದ ವರ್ಷ ಮಾವನ ಮನೆಯಿಂದ ತಂದದ್ದು ಎಂದು ನಾಲ್ಕು ತಲೆ ಹಿಂದಕ್ಕೆ ತಡವರಿಸದೆ ಹೇಳುತ್ತಾರೆ. ಅಂಥವರ ಮುಂದೆ ಕೂತು ನೀವು ಬರೆದುಕೊಳ್ಳಿ.

ಒಳ್ಳೆಯ ಸಾಕಣೆದಾರ ನಿಮ್ಮನ್ನೂ ಪ್ರಶ್ನಿಸುತ್ತಾನೆ. ಮೇವು ಏನಿದೆ, ನೋಡಿಕೊಳ್ಳುವವರು ಯಾರು, ಮೊದಲು ಏನು ಸಾಕಿದ್ದೀರಿ ಎನ್ನುತ್ತಾನೆ. ಕೊಟ್ಟಿಗೆಗೆ ಹೋಗುವ ಮುನ್ನ ಕಾಲು ತೊಳೆಯಲು ಹೇಳುತ್ತಾನೆ. ಅದನ್ನು ಅಹಂಕಾರ ಎಂದುಕೊಳ್ಳಬೇಡಿ. ಕಂದುರೋಗಕ್ಕೆ, ಅಂದರೆ ಬ್ರೂಸೆಲ್ಲೋಸಿಸ್‌ಗೆ, ರಕ್ತಪರೀಕ್ಷೆ ಮಾಡಿಸಿ ಕೊಳ್ಳುತ್ತೇನೆ ಎಂದರೆ ಒಪ್ಪಿಕೊಳ್ಳುತ್ತಾನೆ. ಈ ಪರೀಕ್ಷೆಯನ್ನು ಬಿಡಲೇಬೇಡಿ. ಈಯುವಾಗ ಬೀಳುವ ಕಸದಿಂದ, ಅಂದರೆ ಮಾಸಿನಿಂದ, ಕಾಯಿಸದ ಹಾಲಿನಿಂದ ಅದು ಮನುಷ್ಯರಿಗೂ ಅಂಟುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವಿನಿಂದ ನರಳುವ ಆಡುಗಾರರು ನಮ್ಮ ನಡುವೆ ಇದ್ದಾರೆ.

ಬೆಲೆಯ ಮಾತು. ಒಂದು ಹೆಣ್ಣಾಡಿನಿಂದ ವರ್ಷಕ್ಕೆ ಸರಾಸರಿ ಎರಡು ಮರಿ ಉಳಿದು, ತಲಾ 20 ಕಿಲೋ ಬೆಳೆದು, ಜೀವತೂಕಕ್ಕೆ ಕಿಲೋಗೆ 400 ರೂಪಾಯಿ ಸಿಕ್ಕಿತು ಎಂದಿಟ್ಟುಕೊಳ್ಳಿ. 16,000 ರೂಪಾಯಿ. ಮೇವು, ಕೂಲಿ, ಔಷಧ, ಸಾವು ಅದರಲ್ಲೇ ಕಳೆಯಬೇಕು. ಹೀಗಿರುವಾಗ 60,000 ಕೊಟ್ಟು ತಂದ ಆಡು ಎಂದು ಅಸಲು ತೀರಿಸುತ್ತದೆ? ‘ಮರಿಗಳನ್ನು ನಾವೇ ದುಬಾರಿಗೆ ವಾಪಸ್ ಕೊಳ್ಳುತ್ತೇವೆ’ ಎನ್ನುವವರ ವ್ಯಾಪಾರ ನಡೆಯುವುದು ನಿಮ್ಮ ಹಿಂದೆ ಇನ್ನೊಬ್ಬ ಹೊಸಬ ಬರುವವರೆಗೆ ಮಾತ್ರ. ಕೊನೆಗೆ ಆಡಿನ ಬೆಲೆ ನಿಲ್ಲುವುದು ಮಾಂಸದ ಮೇಲೆ, ಹಾಲಿನ ಮೇಲೆ. ಸ್ಥಳೀಯ ಮಾಂಸದ ಬೆಲೆಗಿಂತ ಕಾಲು ಭಾಗ, ತೀರಾ ಒಳ್ಳೆಯದಾದರೆ ಅರ್ಧ ಭಾಗ ಹೆಚ್ಚು ಕೊಡಿ. ಅಷ್ಟನ್ನು ಮನಸಾರೆ ಕೊಡಿ, ಏಕೆಂದರೆ ಲೆಕ್ಕ ಬರೆದು, ಲಸಿಕೆ ಹಾಕಿಸಿ ಬೆಳೆಸುವವನು ಉಳಿಯುವುದು ಆ ಹಣದಿಂದಲೇ.

ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 500 ಹೆಣ್ಣು, 25 ಹೋತಗಳ ಘಟಕಕ್ಕೆ ಅರ್ಧದಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನವಿದೆ. ಅನುಭವವಿದ್ದವರು ಬಳಸಿಕೊಳ್ಳಲಿ. ಆದರೆ ಒಂದೇ ಋತುವಿನಲ್ಲಿ ತಾಯಿ ನೋಡಿ, ಕೆಚ್ಚಲು ಹಿಡಿದು, ರಕ್ತಪರೀಕ್ಷೆ ಮಾಡಿಸಿ ಆರಿಸಿದ ಐನೂರು ಹೆಣ್ಣಾಡು ಯಾರಿಗೂ ಸಿಗುವುದಿಲ್ಲ. ಹೊಸಬರು ಇಪ್ಪತ್ತು ಹೆಣ್ಣು, ಒಂದು ಹೋತದಿಂದ ಶುರುಮಾಡಿ, ಹೆಣ್ಣುಮರಿಗಳನ್ನು ಉಳಿಸಿಕೊಂಡು ಬೆಳೆಯಿರಿ.

ತರುವಾಗ ತಂಪು ಹೊತ್ತಿನಲ್ಲಿ ತನ್ನಿ, ಜೊತೆಗೆ ಆ ಮನೆಯ ಮೇವನ್ನೂ ನಾಲ್ಕು ದಿನಕ್ಕಾಗುವಷ್ಟು ತನ್ನಿ. ಹಳೆಯ ಹಿಂಡಿನಿಂದ ದೂರದಲ್ಲಿ ಮೂರರಿಂದ ನಾಲ್ಕು ವಾರ ಬೇರೆಯಾಗಿ ಕಟ್ಟಿ. ಮೊದಲ ವಾರ ಬೆಳಿಗ್ಗೆ ಸಂಜೆ ಜ್ವರ ನೋಡಿ. 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸಂಜೆಯವರೆಗೆ ಕಾಯದೆ ವೈದ್ಯರನ್ನು ಕರೆಯಿರಿ. ಪಿಪಿಆರ್ ಲಸಿಕೆಯನ್ನು ಕೊಳ್ಳುವ ಮನೆಯಲ್ಲೇ, ಸಾಗಿಸುವುದಕ್ಕೆ ಮೂರು ವಾರ ಮೊದಲೇ ಹಾಕಿಸುವುದು ಎಲ್ಲಕ್ಕಿಂತ ಕ್ಷೇಮ. ಒಳ್ಳೆಯ ಸಾಕಣೆದಾರ ಮುಂಗಡ ಪಡೆದು ಅಷ್ಟು ದಿನ ಇಟ್ಟುಕೊಳ್ಳಲು ಒಪ್ಪುತ್ತಾನೆ.

ಹೊರಗೆ ಹೊಂಗೆ ಮರದ ಕೆಳಗೆ ಬೇರೆ ಬೇರೆ ವಯಸ್ಸಿನ ಆಡುಗಳನ್ನು ಕಟ್ಟಿಸಿದ್ದೇನೆ. ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ. ಪ್ರತಿಯೊಬ್ಬರೂ ಹಲ್ಲು ಬಿಡಿಸಿ, ರೆಪ್ಪೆ ಎಳೆದು, ಕೆಚ್ಚಲು ಹಿಡಿದು ನೋಡಬೇಕು. ಅಳತೆಪಟ್ಟಿ ನನ್ನ ಬಳಿ ಇದೆ.